ಪರಮಾಣುವಿನ ಕಿರಣಗಳೂ ಭೀಮಾತೀರದ ಬೇಸಾಯವೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಕಣ್ಣಿಗೆ ಕಾಣದ ವಸ್ತುಗಳ ವಿಷಯದಲ್ಲಿ ಜನರಲ್ಲಿ ಎರಡು ವಿಧವಾದ ಬುದ್ಧಿಯುಂಟು. ಕೆಲವರು ಕಾಣದಿರುವುದನ್ನು ಇಲ್ಲವೆಂದೇ ತಳ್ಳಿಬಿಡುವರು. ಮತ್ತೆ ಕೆಲವರು ಕಾಣದಿರುವುದರಿಂದಲೇ ಅದಕ್ಕೆ ಇಲ್ಲದ ಶಕ್ತಿಯನ್ನೆಲ್ಲ ಹೊರಿಸಿ ಅಂಜುವರು. ಈ ಎರಡರಿಂದಲೂ ಬೇಸಾಯಗಾರನಿಗೆ ನಷ್ಟವೇ ಹೊರತು ಲಾಭವಿಲ್ಲ. ತೊಗರಿಯ ಸೊರಗು ರೋಗದ ಬೂಷ್ಟು ಕಣ್ಣಿಗೆ ಕಾಣುವುದಿಲ್ಲ. ಆದರೂ ಅದು ನಿಜ. ಅದನ್ನು ದೇವರ ಕೋಪವೆಂದು ಕೈಕಟ್ಟಿ ಕುಳಿತವನು ಬೆಳೆಯನ್ನು ಕಳೆದುಕೊಳ್ಳುವನು. ಅದರ ಸ್ವಭಾವವನ್ನು ತಿಳಿದು ರೋಗ ತಡೆಯುವ ತಳಿಯನ್ನು ಬಿತ್ತಿದವನು ಬೆಳೆಯನ್ನು ಉಳಿಸಿಕೊಳ್ಳುವನು. ಪರಮಾಣುವಿನಿಂದ ಹೊರಡುವ ಕಿರಣಗಳ ಮಾತೂ ಹೀಗೆಯೇ ಸರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪ್ರಾಂತ್ಯಗಳ ಭೂಮಾಲಿಕರಿಗೂ ಊರಿನ ಮುಖಂಡರಿಗೂ ಈ ವಿಷಯವು ಕೇವಲ ಪಾಠಶಾಲೆಯ ವಿಷಯವಲ್ಲ. ಭೀಮಾ ನದಿಯ ಆಚೆ ದಡದ ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮದ ನೆಲದಡಿಯಲ್ಲಿ ಯುರೇನಿಯಂ ಅದಿರು ಇರುವುದು ನಿಶ್ಚಯವಾಗಿದೆ. ಅಂದಿನಿಂದ ನಮ್ಮ ಕಡೆಯ ಊರುಗಳಲ್ಲಿ ಬಾವಿಯ ನೀರು, ಹೊಲದ ಮಣ್ಣು, ಬಿತ್ತುವ ಬೀಜ ಇವೆಲ್ಲವುಗಳ ವಿಷಯವಾಗಿ ನಾನಾ ಬಗೆಯ ಮಾತುಗಳು ಹರಡಿವೆ. ಸನ್ನತಿಯ ಕಡೆಗೆ ತಿರುಗಾಟಕ್ಕೆ ಹೋದಾಗ ಹಿರಿಯ ಭೂಮಾಲಿಕರೊಬ್ಬರು, “ಸಾಹೇಬ್ರ, ಹೊಳಿ ಆಚಿ ಕಡಿ ನೆಲದಾಗ ಯುರೇನಿಯಂ ಅದ ಅಂತಾರ್ರಿ. ನಮ್ಮ ಬಾವಿ ನೀರು ಕುಡೀಬೇಕೋ ಬ್ಯಾಡೋ, ಹೊಲ ಇಟ್ಕೋಬೇಕೋ ಮಾರಬೇಕೋ, ಹೇಳ್ರಿ” ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದು. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ, ವಸ್ತುವಿನ ಮೂಲದಿಂದ ಆರಂಭಿಸಿ ಕ್ರಮವಾಗಿ ತಿಳಿಸುವುದು ಒಳ್ಳೆಯದು. ವಾಚಕರು ಶಾಲೆಗೆ ಹೋಗುವ ತಮ್ಮ ಮಕ್ಕಳೊಡನೆ ಕುಳಿತು ಇದನ್ನು ಓದಿದರೆ ಇಬ್ಬರಿಗೂ ಪ್ರಯೋಜನವಾದೀತು.

ಪರಮಾಣುವಿನ ರಚನೆ

ಕಲ್ಲು, ಮಣ್ಣು, ನೀರು, ಗಾಳಿ, ಎತ್ತಿನ ಮೈ, ಮನುಷ್ಯನ ಮೈ ಇವೆಲ್ಲವೂ ಪರಮಾಣುಗಳಿಂದಾದವು. ಪ್ರತಿಯೊಂದು ಪರಮಾಣುವಿನ ನಡುವೆ ಅತ್ಯಂತ ಸಣ್ಣದಾದ, ಆದರೆ ಬಹು ತೂಕವಾದ ಒಂದು ಭಾಗವಿದೆ. ಇದಕ್ಕೆ ಪರಮಾಣು ಬೀಜವೆಂದು ಹೆಸರು. ಇದರ ಸುತ್ತಲೂ ಎಲೆಕ್ಟ್ರಾನುಗಳೆಂಬ ಹಗುರವಾದ ಕಣಗಳಿರುತ್ತವೆ. ಎಲೆಕ್ಟ್ರಾನನ್ನು 1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಎಂಬವರೂ, ಪರಮಾಣು ಬೀಜವನ್ನು 1911ರಲ್ಲಿ ರುದರ್‌ಫರ್ಡ್ ಎಂಬವರೂ ಲೋಕಕ್ಕೆ ತಿಳಿಯಪಡಿಸಿದರು.

ಬೀಜವು ಎಷ್ಟು ಸಣ್ಣದೆಂಬುದನ್ನು ನಮ್ಮ ಕಣ್ಣಿನ ಅಳತೆಗೆ ತಂದುಕೊಳ್ಳಬೇಕಾದರೆ ಹೀಗೆ ಎಣಿಸಬಹುದು. ಒಂದು ತೊಗರಿ ಕಾಳನ್ನು ಊರಿನ ನಡುವಿನ ಕಟ್ಟೆಯ ಮೇಲೆ ಇಟ್ಟು, ಅದೇ ಪರಮಾಣು ಬೀಜವೆಂದು ತಿಳಿದರೆ, ಎಲೆಕ್ಟ್ರಾನುಗಳು ಊರಿನ ಸೀಮೆಯ ಕೊನೆಯ ಮನೆಗಳ ಹತ್ತಿರ ಸುಳಿದಾಡುತ್ತವೆಂದು ಹೇಳಬೇಕಾಗುತ್ತದೆ. ನಡುವೆ ಇರುವುದೆಲ್ಲ ಬಯಲು. ಆದರೂ ಊರಿನ ತೂಕವೆಲ್ಲ ಆ ಒಂದು ಕಾಳಿನಲ್ಲಿಯೇ ಅಡಗಿದಂತೆ, ಪರಮಾಣುವಿನ ತೂಕವೆಲ್ಲ ಅದರ ಬೀಜದಲ್ಲಿಯೇ ಅಡಗಿದೆ.

ಈ ಬೀಜದೊಳಗೆ ಎರಡು ಬಗೆಯ ಕಣಗಳಿವೆ: ವಿದ್ಯುತ್ತನ್ನು ಹೊತ್ತಿರುವ ಪ್ರೋಟಾನು, ವಿದ್ಯುತ್ತಿಲ್ಲದ ನ್ಯೂಟ್ರಾನು. ನ್ಯೂಟ್ರಾನನ್ನು 1932ರಲ್ಲಿ ಚಾಡ್ವಿಕ್ ಎಂಬವರು ಕಂಡುಹಿಡಿದರು. ಪ್ರೋಟಾನುಗಳ ಸಂಖ್ಯೆಯೇ ಆ ವಸ್ತುವಿನ ಕುಲವನ್ನು ನಿರ್ಣಯಿಸುತ್ತದೆ. ಆರು ಪ್ರೋಟಾನುಗಳಿದ್ದರೆ ಇಂಗಾಲ, ಹತ್ತೊಂಬತ್ತಿದ್ದರೆ ಪೊಟ್ಯಾಸಿಯಂ, ತೊಂಬತ್ತೆರಡಿದ್ದರೆ ಯುರೇನಿಯಂ. ಪ್ರೋಟಾನು, ನ್ಯೂಟ್ರಾನುಗಳು ಸಹ ಕೊನೆಯ ಕಣಗಳಲ್ಲ. ಒಂದೊಂದರಲ್ಲಿಯೂ ಮೂರು ಮೂರು ಕ್ವಾರ್ಕುಗಳೆಂಬ ಇನ್ನೂ ಸೂಕ್ಷ್ಮವಾದ ಕಣಗಳಿವೆಯೆಂದು 1964ರಲ್ಲಿ ಅಮೇರಿಕೆಯ ವಿದ್ವಾಂಸರಾದ ಗೆಲ್‌ಮನ್ ಮತ್ತು ಜ್ವೈಗ್ ಎಂಬವರು ಪ್ರತಿಪಾದಿಸಿದರು. ತರುವಾಯದ ಪ್ರಯೋಗಗಳಿಂದ ಅದು ದೃಢವಾಯಿತು.

ಕಿರಣಗಳ ಮೂರು ಬಗೆ

ಬಹುತೇಕ ಪರಮಾಣುಗಳ ಬೀಜವು ಎಂದೆಂದಿಗೂ ಸ್ಥಿರವಾಗಿರುತ್ತದೆ. ಕೆಲವು ಜಾತಿಯ ಬೀಜಗಳು ಮಾತ್ರ ಅಸ್ಥಿರವಾದವು. ಅತಿಯಾಗಿ ಹೇರಿದ ಬಂಡಿಯು ದಾರಿಯಲ್ಲಿ ಸ್ವಲ್ಪ ಭಾರವನ್ನು ಚೆಲ್ಲಿ ಹಗುರಾಗುವಂತೆ, ಈ ಬೀಜಗಳು ತಮ್ಮಲ್ಲಿನ ಸ್ವಲ್ಪ ಭಾಗವನ್ನೋ ಶಕ್ತಿಯನ್ನೋ ಹೊರಕ್ಕೆ ಎಸೆದು ಬೇರೆ ರೂಪಕ್ಕೆ ತಿರುಗುತ್ತವೆ. ಹೀಗೆ ಹೊರಬೀಳುವುದಕ್ಕೇ ವಿಕಿರಣವೆಂದು ಹೆಸರು. ಫ್ರಾನ್ಸ್ ದೇಶದ ಬೆಕೆರೆಲ್ ಎಂಬವರು 1896ರಲ್ಲಿ ಯುರೇನಿಯಂ ಲವಣವು ಕಪ್ಪು ಕಾಗದದಲ್ಲಿ ಸುತ್ತಿಟ್ಟ ಫೋಟೋ ತಟ್ಟೆಯ ಮೇಲೂ ಗುರುತು ಮಾಡಿದುದನ್ನು ಕಂಡರು. ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು 1898ರಲ್ಲಿ ಪೊಲೋನಿಯಂ, ರೇಡಿಯಂ ಎಂಬ ಎರಡು ಹೊಸ ವಸ್ತುಗಳನ್ನು ಕಂಡುಹಿಡಿದರು.

ಕಿರಣಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಆಲ್ಫಾ. ಇದು ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಕಟ್ಟು. ಭಾರವಾದ್ದರಿಂದ ದೂರ ಹೋಗಲಾರದು. ಒಂದು ಹಾಳೆ ಕಾಗದವೂ, ನಮ್ಮ ಮೇಲ್ಚರ್ಮವೂ ಇದನ್ನು ತಡೆಯುತ್ತದೆ. ಆದರೆ ಆಲ್ಫಾ ಸೂಸುವ ವಸ್ತುವು ನೀರಿನ ಮೂಲಕವಾಗಲಿ ಗಾಳಿಯ ಮೂಲಕವಾಗಲಿ ಮೈಯೊಳಕ್ಕೆ ಹೋದರೆ, ಅಲ್ಲಿ ಮೂರು ಕಿರಣಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದೇ.

ಎರಡನೆಯದು ಬೀಟಾ. ಇದು ವೇಗದಿಂದ ಹೊರಟ ಎಲೆಕ್ಟ್ರಾನು. ಕೆಲವು ಮಿಲಿಮೀಟರು ದಪ್ಪದ ಅಲ್ಯುಮಿನಿಯಂ ತಗಡು ಇದನ್ನು ನಿಲ್ಲಿಸುತ್ತದೆ.

ಮೂರನೆಯದು ಗಾಮಾ. ಇದು ಬೆಳಕಿನ ಜಾತಿಯದೇ. ಆದರೆ ಬಹು ತೀಕ್ಷ್ಣವಾದುದು. ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವ ಕ್ಷಕಿರಣಕ್ಕೆ ಇದು ಹತ್ತಿರದ ಸಂಬಂಧಿ. ಇದನ್ನು ತಡೆಯಲು ಸೀಸದ ಗೋಡೆ, ದಪ್ಪ ಕಾಂಕ್ರೀಟು ಅಥವಾ ಬಹಳ ಮಣ್ಣು ಬೇಕು.

ಬೀಟಾ ಕಿರಣವು ಹೊರಡುವಾಗ ಅದರ ಜೊತೆಗೆ ನ್ಯೂಟ್ರಿನೋ ಕುಲದ ಇನ್ನೊಂದು ಕಣವೂ ಹೊರಡುತ್ತದೆ. ಇದು ಯಾವುದಕ್ಕೂ ತಾಕದೆ ಭೂಮಿಯನ್ನೇ ಹಾಯ್ದು ಹೋಗಬಲ್ಲುದು. ಇದರಿಂದ ಯಾರಿಗೂ ತೊಂದರೆಯಿಲ್ಲ.

ಅರ್ಧಾಯುಷ್ಯದ ಲೆಕ್ಕ

ಅಸ್ಥಿರವಾದ ವಸ್ತುವಿನ ಒಂದು ನಿರ್ದಿಷ್ಟ ಪರಮಾಣು ಯಾವಾಗ ಒಡೆದೀತೆಂದು ಯಾರೂ ಹೇಳಲಾರರು. ಆದರೆ ಒಂದು ರಾಶಿಯಲ್ಲಿ ಅರ್ಧಭಾಗ ಎಷ್ಟು ಕಾಲದಲ್ಲಿ ಒಡೆಯುವುದೆಂಬುದನ್ನು ನಿಖರವಾಗಿ ಹೇಳಬಹುದು. ಈ ಕಾಲಕ್ಕೆ ಅರ್ಧಾಯುಷ್ಯವೆನ್ನುವರು. ಸಾಮಾನ್ಯ ಯುರೇನಿಯಮ್ಮಿನದು ಸುಮಾರು 447 ಕೋಟಿ ವರ್ಷ. ರೇಡಿಯಮ್ಮಿನದು ಸುಮಾರು 1600 ವರ್ಷ. ಇಂಗಾಲ-14 ಎಂಬುದರದು ಸುಮಾರು 5730 ವರ್ಷ. ರೇಡಾನ್ ಎಂಬ ಅನಿಲದ್ದು ಕೇವಲ 3.8 ದಿನ.

ಸನ್ನತಿಯವರಿಗೆ ಇದನ್ನು ತಮ್ಮ ಊರಿನ ಕಾಲಮಾನದಿಂದಲೇ ತಿಳಿಯಬಹುದು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿನ ಕಾಳಿಯ ಗುಡಿಯ ಛಾವಣಿ ಕುಸಿದಾಗ, ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕ ಚಕ್ರವರ್ತಿಯ ಶಾಸನವು ಕಂಡುಬಂದುದು ಎಲ್ಲರಿಗೂ ತಿಳಿದಿದೆ. ನೆರೆಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರುಳ್ಳ ಅವನ ಶಿಲ್ಪವೂ ದೊರೆಯಿತು. ಅಶೋಕನ ಕಾಲವು ಇಂದಿಗೆ ಸುಮಾರು 2250 ವರ್ಷಗಳ ಹಿಂದಿನದು. ಆ ಕಾಲದಲ್ಲಿ ಕಡಿದ ಒಂದು ಮರದ ತುಂಡು ಇಂದಿನವರೆಗೆ ಉಳಿದಿದ್ದರೆ, ಅದರಲ್ಲಿನ ಇಂಗಾಲ-14ರಲ್ಲಿ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತದೆ. ಹಳೆಯ ಮರ, ಇದ್ದಲು, ಕಾಳುಗಳ ವಯಸ್ಸನ್ನು ಪ್ರಾಚ್ಯವಸ್ತು ಪಂಡಿತರು ಈ ಲೆಕ್ಕದಿಂದಲೇ ತಿಳಿಯುವರು. ಅದೇ ಕಾಲದಲ್ಲಿ ಒಂದು ತೊಲ ರೇಡಿಯಂ ಇಟ್ಟಿದ್ದರೆ ಅದರಲ್ಲಿ ಇಂದು ಆರಾಣೆಯಷ್ಟು ಮಾತ್ರ ಉಳಿಯುತ್ತಿತ್ತು. ಯುರೇನಿಯಮ್ಮಿನ ವಿಷಯದಲ್ಲಾದರೋ, ಅಶೋಕನ ಕಾಲಕ್ಕೂ ಇಂದಿಗೂ ಅಳೆಯುವಷ್ಟು ವ್ಯತ್ಯಾಸವೇ ಇಲ್ಲ. ಭೂಮಿ ಹುಟ್ಟಿದಾಗ ಇದ್ದುದರಲ್ಲಿ ಸುಮಾರು ಅರ್ಧ ಈಗಲೂ ನೆಲದಲ್ಲಿದೆ.

ಇದರಿಂದ ಒಂದು ಮುಖ್ಯ ಸಂಗತಿಯನ್ನು ಗ್ರಹಿಸತಕ್ಕದ್ದು. ಅರ್ಧಾಯುಷ್ಯವು ಹೆಚ್ಚಾದಷ್ಟೂ ವಸ್ತುವು ಹೆಚ್ಚು ಅಪಾಯಕರವೆಂಬ ಭಾವನೆ ಸರಿಯಲ್ಲ. ನಿಧಾನವಾಗಿ ಒಡೆಯುವುದೆಂದರೆ ಒಂದು ಗಳಿಗೆಯಲ್ಲಿ ಹೊರಡುವ ಕಿರಣಗಳು ಕಡಮೆಯೆಂದೇ ಅರ್ಥ. ಸಾವಿರ ವರ್ಷ ಉರಿಯುವ ಒಂದು ಮಿಣುಕು ದೀಪಕ್ಕಿಂತ ಒಂದು ಗಳಿಗೆ ಉರಿಯುವ ಬಣವೆಯ ಬೆಂಕಿ ಹೆಚ್ಚು ಸುಡುವುದಷ್ಟೆ.

ಆಕಾಶದಿಂದ ಬರುವ ಕಣಗಳು

ವಿಕಿರಣವು ನೆಲದಿಂದ ಮಾತ್ರ ಬರುವುದಲ್ಲ. ಆಕಾಶದಿಂದಲೂ ಹಗಲಿರುಳು ಸುರಿಯುತ್ತಿದೆ. ದೂರದ ಆಕಾಶದಿಂದ ಬರುವ ಕಣಗಳು ಮೇಲಿನ ಗಾಳಿಗೆ ತಾಕಿ ಮ್ಯೂಆನ್ ಎಂಬ ಕಣಗಳನ್ನು ಹುಟ್ಟಿಸುತ್ತವೆ. ಅಂಗೈಯಗಲದ ಜಾಗವನ್ನು ಹಾಯ್ದು ಪ್ರತಿ ನಿಮಿಷವೂ ಸುಮಾರು ನೂರು ಮ್ಯೂಆನುಗಳು ಇಳಿದು ಹೋಗುತ್ತವೆ. ಸೂರ್ಯನಿಂದ ಬರುವ ನ್ಯೂಟ್ರಿನೋಗಳಾದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಸೆಕೆಂಡಿನಲ್ಲಿ ಆರು ಸಾವಿರ ಕೋಟಿಗೂ ಹೆಚ್ಚು. ಇವೆಲ್ಲವನ್ನೂ ಹೊತ್ತುಕೊಂಡೇ ನಮ್ಮ ಹಿರಿಯರು ಉತ್ತು ಬಿತ್ತಿ ಬಾಳಿದರು.

ಈ ಶಾಸ್ತ್ರದಲ್ಲಿ ಕನ್ನಡನಾಡಿನ ಪಾಲು ಕಡಮೆಯದಲ್ಲ. ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದು ಈ ಆಕಾಶಕಿರಣಗಳ ಸಂಶೋಧನೆಯನ್ನು ನಡೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಅಲ್ಲಿಯೇ ಆರಂಭವಾಗಿ ಆಮೇಲೆ ಮುಂಬಯಿಗೆ ಹೋಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಯಂತ್ರಗಳನ್ನಿಟ್ಟು, ಈ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾನಿಲಯದವರೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಕಂಡರು. ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆಯು ತಡೆದುದರಿಂದ ಈ ಅಪರೂಪದ ಗುರುತು ಸಿಕ್ಕಿತು. ಜೊಳ್ಳನ್ನು ತೂರಿದ ಮೇಲೆ ಗಟ್ಟಿ ಕಾಳು ಕಣದಲ್ಲಿ ಉಳಿಯುವಂತೆ ಇದು. 1980ರ ಬಳಿಕ ಅದೇ ಗಣಿಯಲ್ಲಿ ಪ್ರೋಟಾನು ಎಂದಾದರೂ ಒಡೆಯುವುದೋ ಎಂಬ ಪರೀಕ್ಷೆಯೂ ನಡೆಯಿತು. ಪ್ರೋಟಾನು ಒಡೆಯುವುದೆಂಬುದು ಈವರೆಗೆ ಜಗತ್ತಿನ ಯಾವ ಪ್ರಯೋಗದಲ್ಲಿಯೂ ಸಿದ್ಧವಾಗಿಲ್ಲ. ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು.

ಭೀಮಾತೀರದ ಕಲ್ಲು ಮತ್ತು ಗೋಗಿಯ ಅದಿರು

ನಮ್ಮ ಸೀಮೆಯ ನೆಲವನ್ನು ಬಗೆದು ನೋಡಿದರೆ ಮೂರು ಬಗೆಯ ಕಲ್ಲು ಸಿಗುತ್ತದೆ. ಎಲ್ಲಕ್ಕೂ ಅಡಿಯಲ್ಲಿ ಹಳೆಯ ಗ್ರಾನೈಟು. ಅದರ ಮೇಲೆ ಶಹಾಬಾದಿ ಹಾಸುಗಲ್ಲೆಂದು ಹೆಸರಾದ ಸುಣ್ಣಕಲ್ಲು. ಉತ್ತರ ಭಾಗದಲ್ಲಿ ಅದರ ಮೇಲೆ ಕರಿಕಲ್ಲು. ಈ ಕರಿಕಲ್ಲು ಸವೆದೇ ನಮ್ಮ ಎರೆಭೂಮಿಯಾಗಿದೆ. ಸುಣ್ಣಕಲ್ಲೇ ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಿಗೆ ಮೂಲ. ಕನಗನಹಳ್ಳಿಯ ಸ್ತೂಪದ ಶಿಲ್ಪಗಳನ್ನು ಕಡೆದುದೂ ಸುಣ್ಣಕಲ್ಲಿನಲ್ಲಿಯೇ.

ಗ್ರಾನೈಟಿನಲ್ಲಿ ಅಲ್ಪಸ್ವಲ್ಪ ಯುರೇನಿಯಂ ಎಲ್ಲೆಡೆಯೂ ಇರುತ್ತದೆ. ಗಾಳಿ ಬೆರೆತ ನೀರು ಅದನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಹರಿಯುತ್ತದೆ. ಗಾಳಿಯ ಸಂಪರ್ಕ ತಪ್ಪಿದ, ತಕ್ಕ ರಾಸಾಯನಿಕ ಗುಣವಿರುವ ಸ್ಥಳದಲ್ಲಿ ಮತ್ತೆ ಬಿಟ್ಟುಬಿಡುತ್ತದೆ. ಸವಳು ಭೂಮಿಯಲ್ಲಿ ನೀರು ಆರಿದ ಕಡೆ ಉಪ್ಪು ಬೆಳ್ಳಗೆ ಕಟ್ಟುವುದನ್ನು ಬಲ್ಲವರಿಗೆ ಇದು ಅರ್ಥವಾಗದ ಮಾತಲ್ಲ. ಗೋಗಿಯ ಹತ್ತಿರ ನೆಲವು ಉದ್ದಕ್ಕೆ ಸೀಳಿ ಜರುಗಿದ ಒಂದು ಸಾಲಿದೆ. ಆ ಸಾಲಿನ ಪುಡಿಯಾದ ಸುಣ್ಣಕಲ್ಲಿನಲ್ಲಿಯೂ ಅದರಡಿಯ ಗ್ರಾನೈಟಿನಲ್ಲಿಯೂ ಯುರೇನಿಯಂ ಖನಿಜಗಳು ಸೇರಿಕೊಂಡಿರುವುದನ್ನು ಕೇಂದ್ರ ಸರಕಾರದ ಪರಮಾಣು ಖನಿಜ ನಿರ್ದೇಶನಾಲಯದವರು 1990ರ ದಶಕದಲ್ಲಿ ಪತ್ತೆಮಾಡಿದರು. ಇದನ್ನು ಒಳ್ಳೆಯ ದರ್ಜೆಯ ಅದಿರೆಂದು ಹೇಳುವರಾದರೂ, ಸರಾಸರಿಯಲ್ಲಿ ನೂರು ಕಿಲೋ ಕಲ್ಲಿಗೆ ಕಾಲು ಕಿಲೋ ಯುರೇನಿಯಮ್ಮೂ ಬರುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಸ್ಥಾವರಗಳು ಇದೇ ಜಾತಿಯ ಸಹಜ ಯುರೇನಿಯಮ್ಮಿನಿಂದ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಅವುಗಳಲ್ಲಿ ಮೊದಲನೆಯ ಸ್ಥಾವರವು 2018ರ ಡಿಸೆಂಬರಿನಲ್ಲಿ ನಿಂತಾಗ ಎಡೆಬಿಡದೆ 962 ದಿನ ನಡೆದಿತ್ತು.

ಗಣಿ ಬೇಕೋ ಬೇಡವೋ ಎಂಬುದು ಈ ಲೇಖನದ ವಿಷಯವಲ್ಲ. ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅದಿರು ನೆಲದಡಿಯಲ್ಲಿ ಕೋಟ್ಯಂತರ ವರ್ಷಗಳಿಂದ ಇದೆ; ಕಂಡುಹಿಡಿದ ದಿನದಿಂದ ಹುಟ್ಟಿದುದಲ್ಲ. ಅದರ ಮೇಲೆ ಹಲವು ಆಳು ದಪ್ಪದ ಕಲ್ಲು ಮಣ್ಣುಗಳಿರುವಾಗ ಅದರ ಕಿರಣವು ಮೇಲಕ್ಕೆ ಬಂದು ಬೆಳೆಯನ್ನು ಮುಟ್ಟಲಾರದು. ಎಚ್ಚರಿಕೆ ಬೇಕಾದುದು ನೀರಿನ ವಿಷಯದಲ್ಲಿ.

ಮಣ್ಣು ಮತ್ತು ಗೊಬ್ಬರ

ಒಂದು ಎಕರೆ ಹೊಲದ ಆರು ಅಂಗುಲ ಮೇಲ್ಮಣ್ಣು ಸುಮಾರು 850 ಟನ್ನು ತೂಗುತ್ತದೆ. ಲೋಕದ ಸಾಮಾನ್ಯ ಮಣ್ಣಿನ ಲೆಕ್ಕದಿಂದ ಇದರಲ್ಲಿ ಒಂದೆರಡು ಕಿಲೋ ಯುರೇನಿಯಂ ಇರುತ್ತದೆ; ಕರಿಕಲ್ಲಿನಿಂದಾದ ಎರೆಭೂಮಿಯಲ್ಲಿ ಇನ್ನೂ ಕಡಮೆ. ಆದುದರಿಂದ “ಹೊಲದಲ್ಲಿ ಯುರೇನಿಯಂ ಇದೆ” ಎಂದು ಯಾರಾದರೂ ಹೇಳಿದರೆ, ಅದು ಎಲ್ಲ ದೇಶದ ಎಲ್ಲ ಹೊಲಕ್ಕೂ ಸಲ್ಲುವ ಮಾತೆಂದು ತಿಳಿಯಬೇಕು. ಇಂಥ ಮಾತಿಗೆ ಹೆದರಿ ಹೊಲವನ್ನು ಅಗ್ಗವಾಗಿ ಮಾರತಕ್ಕದ್ದಲ್ಲ.

ಗೊಬ್ಬರದ ಸಂಗತಿಯೂ ಹೀಗೆಯೇ. ಪೊಟ್ಯಾಸಿಯಂ ಇಲ್ಲದೆ ಬೆಳೆಯಿಲ್ಲ, ಮನುಷ್ಯನೂ ಇಲ್ಲ. ಪ್ರಪಂಚದ ಎಲ್ಲ ಪೊಟ್ಯಾಸಿಯಮ್ಮಿನಲ್ಲಿಯೂ ಹತ್ತು ಸಾವಿರಕ್ಕೆ ಒಂದರಂತೆ ಪೊಟ್ಯಾಸಿಯಂ-40 ಎಂಬ ಅಸ್ಥಿರ ಜಾತಿಯಿದೆ. ಒಂದು ಗ್ರಾಂ ಪೊಟ್ಯಾಸಿಯಮ್ಮಿನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ಒಡೆಯುತ್ತವೆ. ಸೆಕೆಂಡಿಗೆ ಒಂದು ಒಡೆದರೆ ಅದನ್ನು ಒಂದು ಬೆಕೆರೆಲ್ ಎನ್ನುವರು. ಈ ಲೆಕ್ಕದಿಂದ 50 ಕಿಲೋ ಪೊಟ್ಯಾಷ್ ಗೊಬ್ಬರದ ಒಂದು ಚೀಲದಲ್ಲಿ ಸೆಕೆಂಡಿಗೆ ಏಳೂವರೆ ಲಕ್ಷಕ್ಕಿಂತ ಹೆಚ್ಚು ಪರಮಾಣುಗಳು ಒಡೆಯುತ್ತಿರುತ್ತವೆ. ಸಂಖ್ಯೆಯನ್ನು ಕೇಳಿದರೆ ಎದೆ ನಡುಗೀತು. ಆದರೆ ಆ ಚೀಲವನ್ನು ಹೊತ್ತ ಆಳಿನ ಮೈಯಲ್ಲಿಯೇ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಪೊಟ್ಯಾಸಿಯಂ ಪರಮಾಣುಗಳು ಹುಟ್ಟಿದಂದಿನಿಂದ ಒಡೆಯುತ್ತಲೇ ಇವೆ. ಸಂಖ್ಯೆಯ ದೊಡ್ಡತನದಿಂದ ಅಪಾಯವನ್ನು ಅಳೆಯಲಾಗದು. ಮೈಗೆ ಸೇರಿದ ಶಕ್ತಿಯಿಂದ ಅಳೆಯಬೇಕು.

ಆ ಅಳತೆಗೆ ಸೀವರ್ಟ್ ಎಂದು ಹೆಸರು. ಅದರ ಸಾವಿರದಲ್ಲೊಂದು ಭಾಗ ಮಿಲಿಸೀವರ್ಟ್. ನೆಲ, ಆಕಾಶ, ಗಾಳಿ, ಅನ್ನ ಇವುಗಳಿಂದ ಮನುಷ್ಯನಿಗೆ ಸಹಜವಾಗಿ ಬರುವ ವಿಕಿರಣವು ಲೋಕದ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಇದರಲ್ಲಿ ಸುಮಾರು ಅರ್ಧವು ಯುರೇನಿಯಮ್ಮಿನ ವಂಶದಲ್ಲಿ ಹುಟ್ಟುವ ರೇಡಾನ್ ಅನಿಲದಿಂದ ಬರುತ್ತದೆ. ಈ ಅನಿಲವು ನೆಲದ ಬಿರುಕಿನಿಂದ ಬಂದು ಗಾಳಿಯಾಡದ ಕೋಣೆಯಲ್ಲಿ ನಿಲ್ಲುತ್ತದೆ. ಹಾಸುಗಲ್ಲಿನ ಮನೆಯನ್ನು ಕೆಡವಬೇಕಾಗಿಲ್ಲ. ಕಿಟಕಿ, ಬೆಳಕಿಂಡಿಗಳನ್ನು ತೆರೆದಿಟ್ಟರೆ ಸಾಕು. ಹಗೇವಿನಲ್ಲಿ ಇಳಿದವರು ಮೂರ್ಛೆ ಹೋಗುವುದು ವಿಕಿರಣದಿಂದಲ್ಲ; ಕಾಳಿನ ಉಸಿರಾಟದಿಂದ ಪ್ರಾಣವಾಯು ತೀರಿ ಕೆಟ್ಟ ಗಾಳಿ ತುಂಬುವುದರಿಂದ. ಹಗೇವನ್ನು ತೆರೆದ ಮೇಲೆ ಚೆನ್ನಾಗಿ ಗಾಳಿಯಾಡುವವರೆಗೆ ಯಾರನ್ನೂ ಇಳಿಸಬಾರದೆಂಬ ಹಿರಿಯರ ಕಟ್ಟಳೆಯನ್ನು ಬಿಡಕೂಡದು.

ಬಾವಿಯ ನೀರು

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ನೀರಿನಲ್ಲಿ ಕರಗಿದ ಯುರೇನಿಯಂ ಮನುಷ್ಯನಿಗೆ ತೊಂದರೆ ಕೊಡುವುದು ಹೆಚ್ಚಾಗಿ ಅದರ ಕಿರಣದಿಂದಲ್ಲ; ಸೀಸದಂತೆ ಅದೂ ಒಂದು ಭಾರವಾದ ಲೋಹವಾಗಿ ಮೂತ್ರಪಿಂಡಗಳನ್ನು ಕೆಡಿಸುವುದರಿಂದ. ವಿಶ್ವ ಆರೋಗ್ಯ ಸಂಸ್ಥೆಯವರು 2011ರಲ್ಲಿ ಒಂದು ಲೀಟರು ಕುಡಿಯುವ ನೀರಿಗೆ 30 ಮೈಕ್ರೊಗ್ರಾಮೆಂದು ಮಿತಿಯನ್ನು ಸೂಚಿಸಿದರು. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯವರು ವಿಕಿರಣದ ದೃಷ್ಟಿಯಿಂದ 60 ಮೈಕ್ರೊಗ್ರಾಮೆಂದು ಗೊತ್ತುಮಾಡಿದ್ದರು. ಗೃಹಸ್ಥರು ಈ ಎರಡರಲ್ಲಿ ಕಡಮೆಯದನ್ನು ಹಿಡಿಯುವುದೇ ಕ್ಷೇಮ. ಪೂರ್ವ ಕರ್ನಾಟಕದ ಗ್ರಾನೈಟು ಸೀಮೆಯ ಕೆಲವು ಕೊಳವೆಬಾವಿಗಳಲ್ಲಿ ಈ ಮಿತಿಯನ್ನು ಮೀರಿದ ನೀರು ಕಂಡುಬಂದಿದೆ. ಅಲ್ಲಿ ಗಣಿಯೇ ಇಲ್ಲ. ಆದುದರಿಂದ ಗಣಿಯಿದ್ದರೆ ಮಾತ್ರ ಭಯ, ಇಲ್ಲದಿದ್ದರೆ ನಿರ್ಭಯ ಎಂದು ತಿಳಿಯಲಾಗದು. ಬಾವಿ ಬಾವಿಗೂ ಭೇದವುಂಟು.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯ ವ್ಯತ್ಯಾಸವಿಲ್ಲ. ಪರೀಕ್ಷೆಯೊಂದೇ ದಾರಿ. ಕುದಿಸುವುದರಿಂದ ಕಾಲರಾ, ಆಮಶಂಕೆಗಳ ಕ್ರಿಮಿ ಸಾಯುವುದೇ ಹೊರತು ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾಗಿ ಕಡಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಊರುಗಳಲ್ಲಿ ಸ್ಥಾಪಿಸಿರುವ, ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಹಾಯಿಸುವ ಆರ್.ಓ. ಯಂತ್ರವು ಇದರ ಬಹುಭಾಗವನ್ನು ತೆಗೆಯುತ್ತದೆ. ಆದರೆ ಆ ಯಂತ್ರವು ಹೊರಕ್ಕೆ ಬಿಡುವ ನೀರಿನಲ್ಲಿ ತೆಗೆದುದೆಲ್ಲ ಸೇರಿರುವುದರಿಂದ ಅದನ್ನು ದನಗಳ ತೊಟ್ಟಿಗೆ ಬಿಡಬಾರದು. ಮಳೆಯ ನೀರನ್ನು ಹಿಡಿದಿಟ್ಟು ಕುಡಿಯುವುದು, ಶುದ್ಧಿ ಮಾಡಿದ ಹೊಳೆಯ ನೀರನ್ನು ಬಳಸುವುದು ಇವೂ ಒಳ್ಳೆಯ ಉಪಾಯಗಳೇ.

ಬೀಜ ಮತ್ತು ಕಿರಣ

ಕಿರಣವು ಹಾನಿಯನ್ನು ಮಾತ್ರ ಮಾಡುವುದೆಂದು ತಿಳಿದರೆ ಅರ್ಧ ಸತ್ಯವನ್ನು ತಿಳಿದಂತಾಯಿತು. ಕ್ಷಕಿರಣವು ಜೀವಿಗಳ ವಂಶಗುಣವನ್ನು ಬದಲಿಸಬಲ್ಲುದೆಂದು 1927ರಲ್ಲಿ ಮುಲ್ಲರ್ ಎಂಬ ಅಮೇರಿಕೆಯ ಪಂಡಿತರು ತೋರಿಸಿದರು. ಮರುವರ್ಷ ಸ್ಟ್ಯಾಡ್ಲರ್ ಎಂಬವರು ಬಾರ್ಲಿಯಲ್ಲಿಯೂ ಮುಸುಕಿನ ಜೋಳದಲ್ಲಿಯೂ ಅದನ್ನೇ ತೋರಿಸಿದರು. ಕಿರಣ ಹಾಯಿಸಿದ ಸಾವಿರಾರು ಬೀಜಗಳಲ್ಲಿ ಬಹುಪಾಲು ಕೆಡುತ್ತವೆ ಅಥವಾ ಹಿಂದಿನಂತೆಯೇ ಇರುತ್ತವೆ. ಎಲ್ಲೋ ಒಂದೆರಡರಲ್ಲಿ ಒಳ್ಳೆಯ ಗುಣವು ತೋರುತ್ತದೆ. ಅದನ್ನು ಆರಿಸಿ ಹಲವು ಪೀಳಿಗೆ ಬೆಳೆದು, ಹೊಲಹೊಲಗಳಲ್ಲಿ ಪರೀಕ್ಷಿಸಿ, ಆಮೇಲೆ ರೈತರಿಗೆ ಕೊಡುವರು.

ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಈ ಕ್ರಮದಿಂದ ಅನೇಕ ತಳಿಗಳನ್ನು ತೆಗೆದಿದ್ದಾರೆ. ತೊಗರಿಯ ಟಿ-21 ಎಂಬ ತಳಿಯ ಬೀಜಕ್ಕೆ ವೇಗದ ನ್ಯೂಟ್ರಾನುಗಳನ್ನು ತಾಕಿಸಿ, ದಪ್ಪ ಕಾಳಿನ ಟಿಟಿ-6 ಎಂಬ ತಳಿಯನ್ನು ಪಡೆದರು. ಅದು 1983ರಲ್ಲಿ ಟ್ರಾಂಬೆ ವಿಶಾಖಾ-1 ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಶೇಂಗಾದ ಟಿಎಜಿ-24 ಎಂಬ ತಳಿಯು 1991ರಲ್ಲಿ ಬಂದಿತು. ತೊಗರಿಯ ಕಣಜವೆನಿಸಿದ ಕಲಬುರಗಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. ಆ ಹೆಸರನ್ನು ಉಳಿಸಿಕೊಳ್ಳಲು ಸೊರಗು ರೋಗವನ್ನು ತಡೆಯುವ ಒಳ್ಳೆಯ ಬೀಜವು ಬೇಕು. ಅದು ಕಿರಣದಿಂದ ಬಂದಿರಲಿ, ಸಂಕರದಿಂದ ಬಂದಿರಲಿ, ಹಳೆಯ ನಾಟಿ ತಳಿಯ ಆಯ್ಕೆಯಿಂದ ಬಂದಿರಲಿ, ಗುಣವನ್ನು ನೋಡಿ ಆರಿಸತಕ್ಕದ್ದು.

ಇಂಥ ಬೀಜವನ್ನು ಬಿತ್ತಿದರೆ ಹೊಲವು ವಿಷವಾಗುವುದೆಂಬ ಶಂಕೆಯನ್ನು ಬಿಡಬೇಕು. ಕಂದೀಲಿನ ಬೆಳಕಿನಲ್ಲಿ ಇಟ್ಟ ಕಾಳು ಕಂದೀಲಾಗುವುದಿಲ್ಲ. ಹಾಗೆಯೇ ಗಾಮಾ ಕಿರಣ ಹಾಯಿಸಿದ ಬೀಜವು ಕಿರಣವನ್ನು ಸೂಸುವುದಿಲ್ಲ. ನ್ಯೂಟ್ರಾನು ತಾಕಿಸಿದ ಮೊದಲ ಬೀಜದಲ್ಲಿ ಅಲ್ಪಕಾಲ ಸ್ವಲ್ಪ ವಿಕಿರಣವಿದ್ದೀತು. ಆದರೆ ರೈತನ ಕೈಗೆ ಬರುವುದು ಆ ಬೀಜವಲ್ಲ, ಹಲವು ಪೀಳಿಗೆಗಳ ನಂತರದ ಅದರ ಸಂತಾನ.

ಕಾಳನ್ನು ಕೆಡದಂತೆ ಇಡುವುದರಲ್ಲಿಯೂ ಕಿರಣದ ಉಪಯೋಗವುಂಟು. ಕೋಬಾಲ್ಟ್-60 ಎಂಬ ವಸ್ತುವಿನ ಗಾಮಾ ಕಿರಣವನ್ನು ತಕ್ಕ ಪ್ರಮಾಣದಲ್ಲಿ ಹಾಯಿಸಿದರೆ ಉಳ್ಳಾಗಡ್ಡಿ ಮೊಳೆಯುವುದಿಲ್ಲ. ಬೇಳೆಕಾಳುಗಳೊಳಗಿನ ಹುಳುವಿನ ಮೊಟ್ಟೆಗಳು ಸಾಯುತ್ತವೆ. ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ಉಳ್ಳಾಗಡ್ಡಿಗಾಗಿ ಇಂಥದೊಂದು ಕೇಂದ್ರವು 2002ರಲ್ಲಿ ಆರಂಭವಾಯಿತು. ಆದರೆ ಹೀಗೆ ಕಿರಣ ಹಾಯಿಸಿದುದು ಉಣ್ಣುವುದಕ್ಕೆ ಯೋಗ್ಯವೇ ಹೊರತು ಬಿತ್ತುವುದಕ್ಕಲ್ಲ. ಬಿತ್ತನೆಯ ಬೀಜವನ್ನು ಬೇರೆಯಾಗಿಯೇ ಇಡಬೇಕು.

ಊರಿನ ಮುಖಂಡರು ಮಾಡತಕ್ಕ ಕೆಲಸಗಳು

1. ಊರಿನ ಕುಡಿಯುವ ನೀರಿನ ಪ್ರತಿಯೊಂದು ಬಾವಿ, ಕೊಳವೆಬಾವಿಗಳ ಪಟ್ಟಿಯನ್ನು ಮಾಡಿ, ಸರ್ವೆ ನಂಬರು, ಆಳ, ತೋಡಿದ ವರ್ಷ ಇವುಗಳನ್ನು ಬರೆದಿಡತಕ್ಕದ್ದು.

2. ನೀರಿನ ಮಾದರಿಯನ್ನು ತೆಗೆಯುವಾಗ ಪಂಪನ್ನು ಹತ್ತು ನಿಮಿಷ ಓಡಿಸಿ, ಶುಚಿಯಾದ ಒಂದು ಲೀಟರಿನ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಾರಿ ತೊಳೆದು, ತುಂಬಿ, ಬಿರಡೆ ಹಾಕಿ, ಊರು, ಬಾವಿ, ತಾರೀಖುಗಳ ಚೀಟಿಯನ್ನು ಅಂಟಿಸಿ ಜಿಲ್ಲೆಯ ನೀರು ಪರೀಕ್ಷಾಲಯಕ್ಕೆ ಕಳುಹಿಸತಕ್ಕದ್ದು. ಯುರೇನಿಯಮ್ಮಿನ ಪರೀಕ್ಷೆ ಬೇಕೆಂದು ಬರವಣಿಗೆಯಲ್ಲಿಯೇ ಕೇಳಬೇಕು. ಸಾಧಾರಣ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಅದರೊಡನೆ ಫ್ಲೋರೈಡು, ನೈಟ್ರೇಟು, ಪಾಷಾಣ ಇವುಗಳ ಪರೀಕ್ಷೆಯನ್ನೂ ಮಾಡಿಸಬೇಕು.

3. ಮಳೆಗಾಲದ ಮೊದಲೊಮ್ಮೆ, ಕಳೆದ ಮೇಲೊಮ್ಮೆ ಪರೀಕ್ಷಿಸಬೇಕು. ಫಲಿತಾಂಶವನ್ನು ಮುಚ್ಚಿಡದೆ ಪಂಚಾಯತಿಯ ಕಟ್ಟೆಯಲ್ಲಿ ಹಚ್ಚತಕ್ಕದ್ದು. ಒಬ್ಬರ ಬಾವಿ ಕೆಟ್ಟರೆ ಅದು ಅವರ ತಪ್ಪಲ್ಲ; ಒಳ್ಳೆಯ ಬಾವಿಯುಳ್ಳವರು ನೆರೆಯವರಿಗೆ ನೀರು ಕೊಡುವುದು ಹಿರಿಯರ ಧರ್ಮ.

4. ಮಿತಿ ಮೀರಿದ ಬಾವಿಯ ನೀರನ್ನು ಕುಡಿಯುವುದಕ್ಕೂ ಅಡಿಗೆಗೂ ಬಳಸದೆ, ಬಟ್ಟೆ ಒಗೆಯುವುದಕ್ಕೂ ಮೀಯುವುದಕ್ಕೂ ಬಳಸಬಹುದು. ಯುರೇನಿಯಂ ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ.

5. ಹಳದಿ ಹಿನ್ನೆಲೆಯಲ್ಲಿ ಮೂರು ಕಪ್ಪು ರೆಕ್ಕೆಗಳ ಗುರುತಿರುವ ಲೋಹದ ಡಬ್ಬಿ ಎಲ್ಲಿಯಾದರೂ ಸಿಕ್ಕಿದರೆ ಮುಟ್ಟದೆ, ಹತ್ತಿರ ಯಾರನ್ನೂ ಬಿಡದೆ, ಪೊಲೀಸರಿಗೆ ತಿಳಿಸತಕ್ಕದ್ದು. ಕೆಲವು ಕಾರ್ಖಾನೆಗಳಲ್ಲಿ ವಸ್ತುವಿನ ಮಟ್ಟವನ್ನಳೆಯಲು ವಿಕಿರಣದ ಮೂಲವನ್ನು ಇಂಥ ಡಬ್ಬಿಯಲ್ಲಿಟ್ಟು ಬಳಸುವುದುಂಟು. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಬಜಾರಿನಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಯಂತ್ರವನ್ನು ಒಡೆದುದರಿಂದ ಹಲವರು ಗಾಯಗೊಂಡು ಒಬ್ಬನು ಮರಣ ಹೊಂದಿದನು. ಗುಜರಿ ಕೊಳ್ಳುವವರಿಗೂ ಹೊಲದಲ್ಲಿ ಆಡುವ ಮಕ್ಕಳಿಗೂ ಈ ಗುರುತನ್ನು ತೋರಿಸಿಡಬೇಕು.

6. ವೈದ್ಯರು ಹೇಳಿದಾಗ ಕ್ಷಕಿರಣದ ಚಿತ್ರ ತೆಗೆಸುವುದಕ್ಕೆ ಅಂಜಬೇಕಾಗಿಲ್ಲ. ಎದೆಯ ಒಂದು ಚಿತ್ರದಿಂದ ಬರುವ ವಿಕಿರಣವು ನೆಲ, ಆಕಾಶಗಳಿಂದ ಕೆಲವು ದಿನಗಳಲ್ಲಿ ತಾನಾಗಿಯೇ ಬರುವಷ್ಟು ಮಾತ್ರ. ಆದರೆ ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಕಿರಣಗಳು ನಮ್ಮ ನೆಲಕ್ಕೆ ಹೊಸ ಅತಿಥಿಗಳಲ್ಲ. ಅವುಗಳನ್ನು ಅಳೆಯುವ ವಿದ್ಯೆ ಮಾತ್ರ ಹೊಸದು. ಅಳೆಯಬಲ್ಲ ವಸ್ತುವಿನ ವಿಷಯದಲ್ಲಿ ಊಹೆಯಿಂದ ನಡೆಯುವುದು ಬುದ್ಧಿವಂತಿಕೆಯಲ್ಲ. ಹೊಲವನ್ನು ಮಾರುವ ಮೊದಲು ಮಣ್ಣನ್ನು ಪರೀಕ್ಷಿಸಬೇಕು. ನೀರಿಗೆ ಹೆದರುವ ಮೊದಲೂ ನೀರನ್ನು ನಂಬುವ ಮೊದಲೂ ಅದನ್ನು ಪರೀಕ್ಷಿಸಬೇಕು. ಒಂದು ಬಾಟಲಿ ನೀರನ್ನು ಜಿಲ್ಲೆಯ ಪಟ್ಟಣಕ್ಕೆ ಮುಟ್ಟಿಸುವ ಖರ್ಚು ಅಲ್ಪ. ಊರಿನ ಮುಖಂಡರಾದವರು ಬರುವ ಮುಂಗಾರಿನೊಳಗೆ ಈ ಒಂದು ಕೆಲಸವನ್ನು ತಮ್ಮ ತಮ್ಮ ಗ್ರಾಮದಲ್ಲಿ ಮಾಡಿಸಿದರೆ ಊರಿಗೆಲ್ಲ ಉಪಕಾರವಾಗುವುದು.